ಗುಟ್ಟಿನ ಉಪಗ್ರಹ, ಕೈಯಲ್ಲಿ ಸ್ಟಾಪ್‌ವಾಚ್

ಅಮೆರಿಕದ ಬೇಹುಗಾರಿಕೆ ಉಪಗ್ರಹ ಯುಎಸ್‌ಎ-193 ಹಾರಿದ್ದು 2006ರ ಡಿಸೆಂಬರ್ 14ರಂದು. ಕಕ್ಷೆ ಸೇರಿದ ಸ್ವಲ್ಪ ಹೊತ್ತಿಗೇ ಅದು ಕೆಟ್ಟು ಕೂತಿತು. ಆಮೇಲೆ ದಿನೇ ದಿನೇ ಕೆಳಗಿಳಿಯತೊಡಗಿತು. ಟ್ಯಾಂಕಿನಲ್ಲಿ ಸುಮಾರು 450 ಕಿಲೋ ಹೈಡ್ರಜೀನ್ ಎಂಬ ವಿಷದ ಇಂಧನ ಬೇರೆ. ಕ್ಷಿಪಣಿಯಿಂದ ಹೊಡೆದುಹಾಕುತ್ತೇವೆ ಎಂದು 2008ರ ಫೆಬ್ರವರಿ 14ರಂದು ಸರ್ಕಾರ ಹೇಳಿತು. ಎಷ್ಟು ಗಂಟೆಗೆ ಅಂತ ಮಾತ್ರ ಹೇಳಲಿಲ್ಲ.

ಅದರ ಕಕ್ಷೆಯ ವಿವರವೂ ಗುಟ್ಟೇ. ಆದರೆ ಮುಸ್ಸಂಜೆಯಲ್ಲಿ ಬಿಸಿಲು ಬಿದ್ದು ಹೊಳೆಯುವ ವಸ್ತುವನ್ನು ಬಚ್ಚಿಡೋದು ಹೇಗೆ? ಉಪಗ್ರಹ ನೋಡುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ದೊಡ್ಡ ದೂರದರ್ಶಕವೇನೂ ಬೇಡ, ಬೈನಾಕ್ಯುಲರ್ ಸಾಕು. ಗುರುತಿರುವ ಎರಡು ನಕ್ಷತ್ರಗಳ ನಡುವೆ ಆ ಚುಕ್ಕೆ ದಾಟುತ್ತಿದ್ದಂತೆ ಸ್ಟಾಪ್‌ವಾಚ್ ಒತ್ತುತ್ತಾರೆ. ನಿಂತ ಜಾಗ, ಹೊತ್ತು, ಚುಕ್ಕೆ ಕಂಡ ದಿಕ್ಕು. ಬೇರೆ ಬೇರೆ ಊರುಗಳಿಂದ ಇವು ಸೇರಿದರೆ ಕಕ್ಷೆ ಸಿಕ್ಕಿತು. ಇಷ್ಟು ಕೆಳಗಿರುವ ಉಪಗ್ರಹವನ್ನು ತೆಳುಗಾಳಿ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಹಳೇ ಲೆಕ್ಕ ನಡೆಯದು, ಮತ್ತೆ ಮತ್ತೆ ನೋಡಲೇಬೇಕು.

ಉಳಿದ ಸುಳಿವನ್ನು ಸರ್ಕಾರವೇ ಕೊಟ್ಟಿತು. ಆಗ ಬಾಹ್ಯಾಕಾಶದಲ್ಲಿದ್ದ ಅಟ್ಲಾಂಟಿಸ್ ನೌಕೆ ನೆಲಕ್ಕಿಳಿಯುವವರೆಗೆ ಹೊಡೆಯುವುದಿಲ್ಲ ಎಂದಿತ್ತು. ಅದು ಇಳಿದದ್ದು 20ರಂದು. ಇನ್ನು ವಿಮಾನ, ಹಡಗುಗಳಿಗೆ ಎಚ್ಚರಿಕೆ ಕೊಡದೆ ಕ್ಷಿಪಣಿ ಬಿಡುವಂತಿಲ್ಲವಲ್ಲ! ಹವಾಯಿ ಬಳಿ ಪೆಸಿಫಿಕ್‌ನ ಒಂದು ಭಾಗ ಎರಡೂವರೆ ಗಂಟೆ ಬಂದ್ ಎಂಬ ಪ್ರಕಟಣೆ ಹೊರಬಿತ್ತು. ಭಾರತದ ಗಡಿಯಾರದಲ್ಲಿ ಅದು 21ರ ಬೆಳಗ್ಗೆ 8ರಿಂದ 10:30.

ಇಲ್ಲೇ ಮಜಾ ಇರುವುದು. ಉಪಗ್ರಹಕ್ಕೆ ಒಂದು ಸುತ್ತು ಸುಮಾರು 90 ನಿಮಿಷ. ಅಷ್ಟರಲ್ಲಿ ಭೂಮಿ 22 ಡಿಗ್ರಿಗೂ ಜಾಸ್ತಿ ತಿರುಗಿರುತ್ತದೆ. ಮುಂದಿನ ಸುತ್ತಿನ ದಾರಿ ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿರುತ್ತದೆ. ಅಂದರೆ ಆ ಅವಧಿಯಲ್ಲಿ ಅದೇ ಜಾಗದ ಮೇಲೆ ಹಾಯುವ ಸುತ್ತನ್ನು ಹುಡುಕಿದರೆ, ಹೊಡೆಯುವ ನಿಮಿಷವೂ ಹೆಚ್ಚುಕಮ್ಮಿ ಸಿಕ್ಕಿಬಿಡುತ್ತದೆ.

ಲೇಕ್ ಈರಿ ಎಂಬ ಯುದ್ಧನೌಕೆ ಬಿಟ್ಟ ಎಸ್‌ಎಂ-3 ಕ್ಷಿಪಣಿ ಉಪಗ್ರಹಕ್ಕೆ ಬಡಿದಾಗ ನಮ್ಮಲ್ಲಿ ಬೆಳಗ್ಗೆ 8:56. ಎತ್ತರ ಸುಮಾರು 247 ಕಿಲೋಮೀಟರ್.

ಹೈಡ್ರಜೀನ್ ಭಯವೇ ಕಾರಣ ಎಂಬ ಮಾತನ್ನು ಬಹಳ ಜನ ಪೂರ್ತಿ ನಂಬಲಿಲ್ಲ. ಹಿಂದಿನ ವರ್ಷವಷ್ಟೇ ಚೀನಾ ತನ್ನದೇ ಹವಾಮಾನ ಉಪಗ್ರಹವನ್ನು ಹೊಡೆದು ತೋರಿಸಿತ್ತು ನೋಡಿ. ಅದು 800 ಕಿಲೋಮೀಟರಿಗೂ ಮೇಲೆ. ಅದರ ಸಾವಿರಾರು ಚೂರುಗಳು ವರ್ಷಗಟ್ಟಲೆ ಸುತ್ತುತ್ತಲೇ ಉಳಿದವು. ಯುಎಸ್‌ಎ-193ರ ಚೂರುಗಳು ಬಹುಪಾಲು ಕೆಲವೇ ವಾರಗಳಲ್ಲಿ ಕೆಳಗಿಳಿದು ಉರಿದುಹೋದವು.