ಜಾಡಿಯಲ್ಲಿ ಪುದೀನ ಎಷ್ಟು ಹೊತ್ತು ಇರಬೇಕು?

ಮೊದಲ ಸಲ ಜಿನ್‌ನಲ್ಲಿ ಪುದೀನ ನೆನೆಹಾಕಿದಾಗ ಹತ್ತು ದಿನ ಹಾಗೇ ಬಿಟ್ಟಿದ್ದೆ. ಜಾಸ್ತಿ ದಿನ ಇಟ್ಟಷ್ಟೂ ಘಮ ಜಾಸ್ತಿ ಇಳಿಯುತ್ತದೆ ಅಂದುಕೊಂಡಿದ್ದೆ. ಎರಡನೇ ದಿನ ಎಳೆ ಹಸಿರಾಗಿದ್ದ ಜಿನ್ ಹತ್ತನೇ ದಿನಕ್ಕೆ ಹಳೇ ಚಹಾದ ಬಣ್ಣಕ್ಕೆ ತಿರುಗಿತ್ತು. ಬಾಯಿಗಿಟ್ಟರೆ ಕಹಿ, ಜೊತೆಗೆ ಒದ್ದೆ ಹುಲ್ಲಿನ ವಾಸನೆ. ಸೊಪ್ಪು ಚೆನ್ನಾಗಿತ್ತು, ಜಿನ್ನೂ ಚೆನ್ನಾಗಿತ್ತು. ತಪ್ಪಿದ್ದು ಹೊತ್ತಿನ ಲೆಕ್ಕ.

ಹೆಚ್ಚು ರುಚಿಯಿಲ್ಲದ ಮದ್ಯಕ್ಕೆ ಜುನಿಪರ್ ಹಣ್ಣಿನ ಪರಿಮಳ ಹಿಡಿಸಿದರೆ ಅದೇ ಜಿನ್. ಹೆಸರು ಬಂದಿದ್ದೂ ಆ ಗಿಡದಿಂದಲೇ. ಡಚ್ಚರು ಯೆನೇವರ್ ಅಂದಿದ್ದು ಇಂಗ್ಲಿಷರ ಬಾಯಲ್ಲಿ ಚಿಕ್ಕದಾಗಿ ಜಿನ್ ಆಯಿತು. ಅಂದ ಹಾಗೆ, ಜುನಿಪರ್ ಹಣ್ಣು ನಿಜಕ್ಕೂ ಹಣ್ಣಲ್ಲ. ಪೈನ್ ಮರದ ಕಾಯಿ ಇರುತ್ತದಲ್ಲ, ಅದೇ ಜಾತಿಯದು. ಅದರ ಪದರಗಳು ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಂಡು ಹಣ್ಣಿನಂತೆ ಕಾಣುತ್ತವೆ.

ಕಾರ್ಖಾನೆಯಲ್ಲಿ ಜಿನ್ನನ್ನು ಸಾಮಾನ್ಯವಾಗಿ ಬಟ್ಟಿ ಇಳಿಸಿ ತೆಗೆಯುತ್ತಾರೆ. ಆವಿಯ ಜೊತೆ ಸುಲಭವಾಗಿ ಹಾರಿಹೋಗುವ ಪರಿಮಳದ ಅಣುಗಳು ಮೇಲೇರುತ್ತವೆ. ಬಣ್ಣ, ಕಹಿ, ಒಗರು, ಸಕ್ಕರೆ ಎಲ್ಲ ಹಂಡೆಯ ತಳದಲ್ಲೇ ಉಳಿಯುತ್ತವೆ. ಅದಕ್ಕೇ ಬಾಟಲಿಯಲ್ಲಿರುವ ಜಿನ್ ತಿಳಿನೀರಿನ ಹಾಗಿರುತ್ತದೆ. ಮನೆಯಲ್ಲಿ ಬಟ್ಟಿ ಇಳಿಸುವ ಮಾತೇ ಬೇಡ. ಆಲ್ಕೋಹಾಲ್ ಆವಿ ಥಟ್ಟನೆ ಬೆಂಕಿ ಹಿಡಿಯುತ್ತದೆ, ಬಹಳಷ್ಟು ದೇಶಗಳಲ್ಲಿ ಅದು ಅಪರಾಧವೂ ಹೌದು. ಕೊಂಡು ತಂದ ಜಿನ್‌ನಲ್ಲಿ ತೋಟದ ಸೊಪ್ಪು, ಸಿಪ್ಪೆ ನೆನೆಹಾಕುವುದು ಬೇರೆಯೇ ಕೆಲಸ. ಇಲ್ಲಿ ಬಟ್ಟಿಯ ಜರಡಿ ಇಲ್ಲ. ನಮ್ಮ ಕೈಯಲ್ಲಿರುವ ಜರಡಿ ಅಂದರೆ ಹೊತ್ತು.

ಆಲ್ಕೋಹಾಲ್ ಅಣುವಿಗೆ ಎರಡು ತುದಿ. ಒಂದು ನೀರಿನ ನೆಂಟ, ಇನ್ನೊಂದು ಎಣ್ಣೆಯ ನೆಂಟ. ಜಿನ್‌ನಲ್ಲಿ ನೂರಕ್ಕೆ ಸುಮಾರು 40 ಪಾಲು ಆಲ್ಕೋಹಾಲ್ ಇದ್ದರೆ ಉಳಿದದ್ದು ಬಹುಪಾಲು ನೀರೇ. ಹಾಗಾಗಿ ಗಿಡದಲ್ಲಿ ಎಣ್ಣೆಗೆ ಕರಗುವ ಘಮವೂ ಬರುತ್ತದೆ, ನೀರಿಗೆ ಕರಗುವ ಒಗರೂ ಬರುತ್ತದೆ. ಎಲ್ಲ ಒಟ್ಟಿಗೇ ಬರುವುದಿಲ್ಲ, ಅಷ್ಟೇ. ನಮ್ಮ ಅದೃಷ್ಟ ಇರುವುದು ಅಲ್ಲೇ.

ಪುದೀನ ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಪುಟ್ಟ ಚೀಲಗಳು, ಪುದೀನದ ಘಮ ಇರುವುದು ಅವುಗಳಲ್ಲೇ. ಎಲೆಯ ಮೈಮೇಲೇ ಕೂತಿರುವುದರಿಂದ ಜಿನ್ ತಾಗಿದ ಸ್ವಲ್ಪ ಹೊತ್ತಿಗೇ ಘಮ ಬಿಟ್ಟುಕೊಡುತ್ತವೆ. ಎಲೆಯ ಹಸಿರು, ಅಂದರೆ ಕ್ಲೋರೊಫಿಲ್, ಒಳಗಿನ ಕೋಶಗಳಲ್ಲಿದೆ. ಅದು ಈಚೆ ಬರುವುದು ತಡವಾಗಿ. ಬಂದಮೇಲೆ ಅದರ ನಡುವಿನ ಮೆಗ್ನೀಷಿಯಂ ಕಳಚಿಕೊಂಡು ಹಸಿರು ಕಂದಾಗುತ್ತದೆ. ನನ್ನ ಜಾಡಿಯಲ್ಲಿ ಆಗಿದ್ದೂ ಅದೇ. ಹಾಗಾಗಿ ಪುದೀನವನ್ನು ಕೊಚ್ಚಬೇಡಿ, ಜಜ್ಜಬೇಡಿ. ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ಹಾಕಿ, ಕೆಲವು ಗಂಟೆ ಬಿಟ್ಟು ಸೋಸಿಬಿಡಿ. ಒಂದು ದಿನ ದಾಟಿಸಬೇಡಿ. ತುಳಸಿ, ಕಾಮಕಸ್ತೂರಿಗೂ ಇದೇ ಲೆಕ್ಕ. ಲ್ಯಾವೆಂಡರ್‌ಗೆ ಇನ್ನೂ ಕಡಿಮೆ ಸಾಕು, ಇಲ್ಲದಿದ್ದರೆ ಸೋಪು ಕುಡಿದ ಹಾಗಾಗುತ್ತದೆ. ಹಸಿಮೆಣಸಿನಕಾಯಿ ಹಾಕಿದರಂತೂ ಜಾಡಿ ಬಿಟ್ಟು ಕದಲಬೇಡಿ, ಹತ್ತು ನಿಮಿಷಕ್ಕೊಮ್ಮೆ ರುಚಿ ನೋಡಿ.

ನಿಂಬೆ, ಕಿತ್ತಳೆಯಲ್ಲಿ ಎಣ್ಣೆ ಇರುವುದು ಸಿಪ್ಪೆಯ ಬಣ್ಣದ ಪದರದಲ್ಲಿ. ಕೆಳಗಿನ ಬಿಳಿ ಭಾಗ ಕಹಿ. ತೆಳ್ಳಗೆ ಹೆರೆದುಕೊಂಡರೆ ಒಂದೆರಡು ದಿನ ಧೈರ್ಯವಾಗಿ ಬಿಡಬಹುದು. ಕೊತ್ತಂಬರಿ ಬೀಜ ಗಟ್ಟಿ, ಅರೆಬರೆ ಕುಟ್ಟಿ ಹಾಕಿದರೂ ಕೆಲವು ದಿನ ಬೇಕು.

ನನಗೆ ಎಲ್ಲಕ್ಕಿಂತ ಅಚ್ಚರಿ ಅನಿಸಿದ್ದು ಸೌತೆಕಾಯಿ. ಇಡೀ ಕಾಯಿಯಲ್ಲಿ ಆ ತಾಜಾ ವಾಸನೆ ಇರುವುದೇ ಇಲ್ಲ ಎನ್ನಬಹುದು. ಕತ್ತರಿಸಿದಾಗ ಕೋಶಗಳು ಒಡೆದು, ಕಿಣ್ವಗಳು ಕೊಬ್ಬಿನ ಅಂಶವನ್ನು ತುಂಡರಿಸಿ, ಅಲ್ಲೇ ಆಗ ಆ ವಾಸನೆ ಹುಟ್ಟುತ್ತದೆ. ಕಿಣ್ವಗಳಿಗೆ ಆಲ್ಕೋಹಾಲ್ ಆಗಿಬರುವುದಿಲ್ಲ. ಅದಕ್ಕೇ ನಾನು ಹೆಚ್ಚಿದ ಹೋಳುಗಳನ್ನು ಒಂದೆರಡು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಜಾಡಿಗೆ ಹಾಕುತ್ತೇನೆ. ಆದರೆ ಸೌತೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರು. ಅರ್ಧ ಲೀಟರ್ ಜಿನ್‌ಗೆ 200 ಗ್ರಾಂ ಹಾಕಿ ದಿನಗಟ್ಟಲೆ ಬಿಟ್ಟರೆ 40 ಇದ್ದ ಆಲ್ಕೋಹಾಲ್ ಪ್ರಮಾಣ 30ರ ಹತ್ತಿರ ಇಳಿಯಬಹುದು. ಪೇಯ ಸಪ್ಪೆಯಾಗುತ್ತದೆ, ಬಾಳಿಕೆಯೂ ಕಮ್ಮಿ. ಸೋಸಿ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸುವುದು ಒಳ್ಳೆಯದು.

ತಿಂಗಳುಗಟ್ಟಲೆ ಕಾಯಬೇಕಾದದ್ದೂ ಇದೆ. ಬ್ರಿಟನ್ನಿನ ಬೇಲಿಗಳಲ್ಲಿ ಬೆಳೆಯುವ ಸ್ಲೋ ಎಂಬ ಕಡುನೀಲಿ ಹಣ್ಣು ಹಾಗೇ ತಿಂದರೆ ನಾಲಿಗೆ ಒಣಗುವಷ್ಟು ಒಗರು. ಅದನ್ನು ಸಕ್ಕರೆಯ ಜೊತೆ ಜಿನ್‌ನಲ್ಲಿ ಎರಡು ಮೂರು ತಿಂಗಳು ಇಡುತ್ತಾರೆ. ಹಿಂದಿನವರು ಹಿಮ ಬಿದ್ದಮೇಲೆ ಕೀಳುತ್ತಿದ್ದರು, ಈಗ ಎಷ್ಟೋ ಜನ ಫ್ರೀಜರ್‌ನಲ್ಲಿಡುತ್ತಾರೆ. ಒಳಗಿನ ನೀರು ಹೆಪ್ಪುಗಟ್ಟಿ ಕೋಶಗಳನ್ನು ಸೀಳಿದರೆ ರಸ ಸಲೀಸಾಗಿ ಇಳಿಯುತ್ತದೆ.

ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಚೆಂದ ಕಂಡಿತು ಅಂತ ಯಾವ ಹೂವನ್ನೂ ಜಾಡಿಗೆ ಹಾಕಬೇಡಿ. ಕಣಗಿಲೆ, ದತ್ತೂರ, ಫಾಕ್ಸ್‌ಗ್ಲೋವ್ ಎಲ್ಲ ತೋಟದಲ್ಲೇ ಬೆಳೆಯುವ ವಿಷಗಳು. ಘಮವನ್ನು ಎಳೆದು ತರುವ ಆಲ್ಕೋಹಾಲ್ ವಿಷವನ್ನೂ ಅಷ್ಟೇ ಚೆನ್ನಾಗಿ ಎಳೆದು ತರುತ್ತದೆ. ತಿನ್ನುವ ಗಿಡ ಎಂದು ಖಾತ್ರಿ ಇರಬೇಕು, ಕೀಟನಾಶಕ ಹೊಡೆದಿರಬಾರದು.

ನಿಂಬೆಸಿಪ್ಪೆ ಧಾರಾಳವಾಗಿ ಹಾಕಿದ ಜಿನ್‌ಗೆ ತಣ್ಣೀರು ಬೆರೆಸಿ ನೋಡಿ. ಗಾಜಿನಂತೆ ತಿಳಿಯಾಗಿದ್ದದ್ದು ಕಣ್ಣೆದುರೇ ಮಂಜು ಕವಿದಂತೆ ಬೆಳ್ಳಗಾಗಬಹುದು. ಆಲ್ಕೋಹಾಲ್ ಪಾಲು ಇಳಿದಾಗ ಅದು ಹಿಡಿದಿಟ್ಟುಕೊಂಡಿದ್ದ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬಿಟ್ಟುಕೊಳ್ಳುತ್ತದೆ, ಆ ಹನಿಗಳು ಬೆಳಕನ್ನು ಚದುರಿಸುತ್ತವೆ. ಗ್ರೀಸಿನ ಊಜೊ ಮದ್ಯದಲ್ಲೂ ಹೀಗೇ ಆಗುವುದರಿಂದ ಇದಕ್ಕೆ ಊಜೊ ಪರಿಣಾಮ ಎಂದೇ ಹೆಸರು. ಕೆಟ್ಟಿತು ಅಂತ ಚೆಲ್ಲಬೇಡಿ. ಸೋಸಲು ಹೋದರೂ ಆ ಹನಿಗಳು ಬಟ್ಟೆಗೆ ಸಿಗುವುದಿಲ್ಲ. ಇನ್ನೊಂದಿಷ್ಟು ಜಿನ್ ಸುರಿದರೆ ಎಣ್ಣೆ ಮತ್ತೆ ಕರಗಿ ಲೋಟ ತಿಳಿಯಾಗುತ್ತದೆ.