ಓದುಗರ ಪ್ರಶ್ನೆ: ನೀಲಿ ಉರಿ ಬಂದರೆ ಸ್ಪಿರಿಟ್ ಶುದ್ಧವೇ?

ಪ್ರಶ್ನೆ: "ಸರ, ಅಮೃತಬಳ್ಳಿ, ತುಳಸಿ, ಅರಿಷಿಣದ್ದು ಟಿಂಕ್ಚರ್ (ಸ್ಪಿರಿಟ್ಟಿನಲ್ಲಿ ನೆನೆಹಾಕಿ ತೆಗೆದ ಗಿಡದ ಸತ್ವ) ಮಾಡಿ ಮನ್ಯಾಗ ಇಡಬೇಕಂತ ಮಾಡೇನಿ. ಅದಕ್ಕ 90 ಪರ್ಸೆಂಟ್ ಸ್ಪಿರಿಟ್ ಬೇಕಂತ, ಎಲ್ಲಿ ಕೇಳಿದ್ರೂ ಸಿಗವಲ್ತು. ಬೆಲ್ಲದ ಕೊಳಿ (ಹುದುಗು ಬರಿಸಿದ ಬೆಲ್ಲದ ನೀರು) ಹಾಕಿ ಕುಕ್ಕರ್‌ನ್ಯಾಗ ನಾನ ಇಳಿಸಿಕೊಂಡ್ರ ನಡೀತೈತೇನ್ರಿ? ಮೊದಲಿನ ಲೋಟ ಚೆಲ್ಲಿಬಿಡಬೇಕು, ಉಳಿದದ್ದಕ್ಕ ಕಡ್ಡಿ ಗೀರಿದಾಗ ನೀಲಿ ಉರಿ ಬಂದ್ರ ಅದು ಶುದ್ಧ ಅಂತ ನಮ್ಮ ಕಾಕಾ ಹೇಳ್ತಾರ." (ಗದಗಿನ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲ ನನ್ನ ಹತ್ತಿರ ಬರುತ್ತದೆ. ಒಮ್ಮೆ ಹಾವೇರಿಯಿಂದ, ಒಮ್ಮೆ ಹುಬ್ಬಳ್ಳಿಯಿಂದ. ಗಿಡದ ಹೆಸರು ಬದಲಾಗುತ್ತದೆ, ಕಾಕಾ ಇದ್ದ ಕಡೆ ಮಾವ ಬರುತ್ತಾರೆ. ಕೊನೆಯ ಸಾಲು ಮಾತ್ರ ಬದಲಾಗಿಲ್ಲ. ಆ ನೀಲಿ ಉರಿಯ ಮಾತು ಎಷ್ಟು ಸಲ ಹೇಳಿದರೂ ಸಾಯುತ್ತಿಲ್ಲ. ಅದಕ್ಕೇ ಇವತ್ತು ಅದನ್ನೊಂದು ಸರಿಯಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ನೇರ ಉತ್ತರ. ಮನೆಯಲ್ಲಿ ಭಟ್ಟಿ ಇಳಿಸಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ತಯಾರಿಸಲೆಂದು ಭಟ್ಟಿಯ ಸಾಮಾನು ಇಟ್ಟುಕೊಳ್ಳುವುದೂ ಅಪರಾಧ. "ಔಷಧಕ್ಕೆ ಮಾಡಿದ್ದು" ಅಂದರೆ ಬಿಡುವುದಿಲ್ಲ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಷ್ಟು ವರ್ಷವೂ ಪ್ರಯೋಗಾಲಯದ ಸ್ಪಿರಿಟ್ ಕಪಾಟಿಗೆ ಬೀಗ ಇರುತ್ತಿತ್ತು, ಪಕ್ಕದಲ್ಲಿ ರಿಜಿಸ್ಟರ್ ಇರುತ್ತಿತ್ತು. ಯಾವ ದಿನ, ಯಾವ ತರಗತಿಗೆ, ಎಷ್ಟು ಮಿಲಿ ಎಂದು ಬರೆದು ಸಹಿ ಮಾಡಿದ ಮೇಲೆಯೇ ಬಾಟಲಿ ಹೊರಗೆ ಬರುತ್ತಿತ್ತು. ಕಾಲೇಜಿಗೇ ಇಷ್ಟು ಬಿಗಿ ಇದ್ದ ಮೇಲೆ ಮನೆಗೆ ಸಡಿಲ ಇರುವುದಿಲ್ಲ.

ಈಗ ನೀಲಿ ಉರಿಗೆ ಬರೋಣ.

ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ ನಾನು ಪ್ರತಿವರ್ಷ ತಪ್ಪದೆ ಒಂದು ಪ್ರಯೋಗ ತೋರಿಸುತ್ತಿದ್ದೆ. ಕಿಟಕಿಯ ಪರದೆ ಎಳೆದು, ಮೇಜಿನ ಮೇಲೆ ಎರಡು ಪಿಂಗಾಣಿ ಬಟ್ಟಲು ಇಡುವುದು. ಒಂದರಲ್ಲಿ ಐದು ಮಿಲಿ ಎಥನಾಲ್, ಅಂದರೆ ಕುಡಿಯುವ ಮದ್ಯದಲ್ಲಿರುವ ಆಲ್ಕೋಹಾಲ್. ಇನ್ನೊಂದರಲ್ಲಿ ಐದು ಮಿಲಿ ಮೆಥನಾಲ್, ಅಂದರೆ ಕಣ್ಣು ಕಳೆಯುವ ವಿಷ. ಯಾವುದು ಯಾವ ಬಟ್ಟಲಲ್ಲಿದೆ ಎಂದು ಹೇಳುತ್ತಿರಲಿಲ್ಲ. ಎರಡೂ ನೀರಿನಷ್ಟೇ ತಿಳಿ. ಎರಡಕ್ಕೂ ಕಡ್ಡಿ ತಾಗಿಸಿದರೆ ಎರಡೂ ಉರಿಯುತ್ತವೆ. ಎಥನಾಲಿನ ಉರಿ ಕೆಳಗೆ ನೀಲಿ, ತುದಿಯಲ್ಲಿ ತುಸು ಹಳದಿ. ಮೆಥನಾಲಿನದು ತುದಿಯವರೆಗೂ ತೆಳು ನೀಲಿ. ಪರದೆ ಸರಿಸಿ ಬಿಸಿಲು ಬಿಟ್ಟರೆ ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದೇ ಕಾಣುವುದಿಲ್ಲ. "ಇವೆರಡರಲ್ಲಿ ಶುದ್ಧ ಯಾವುದು? ಕೈ ಎತ್ತಿ" ಎಂದರೆ ಪ್ರತಿವರ್ಷವೂ ತರಗತಿಯ ಮುಕ್ಕಾಲು ಪಾಲು ಕೈಗಳು ಮೆಥನಾಲಿನ ಕಡೆಗೇ ಏಳುತ್ತಿದ್ದವು. ಆಮೇಲೆ ಬಾಟಲಿಯ ಚೀಟಿ ತಿರುಗಿಸಿ ತೋರಿಸಿದಾಗ ಆ ಕೋಣೆಯಲ್ಲಿ ಬೀಳುತ್ತಿದ್ದ ಮೌನವನ್ನು ನಾನು ಇನ್ನೂ ಮರೆತಿಲ್ಲ. ಆ ಪಾಠ ಅವರಿಗೆ ಜನ್ಮಕ್ಕೂ ಮರೆಯದು ಎಂಬ ಹೆಮ್ಮೆ ನನಗಿದೆ.

ಕಾಕಾ ಅವರ ಲೆಕ್ಕ ಬರೀ ತಪ್ಪಲ್ಲ, ತಲೆಕೆಳಗಾದ ಲೆಕ್ಕ. ಉರಿ ಎಷ್ಟು ನೀಲಿಯೋ ಅಷ್ಟು ಶುದ್ಧ ಅನ್ನುವುದಾದರೆ ಎಥನಾಲಿಗಿಂತ ಮೆಥನಾಲೇ ಹೆಚ್ಚು ಶುದ್ಧ ಎಂದು ಒಪ್ಪಬೇಕಾಗುತ್ತದೆ. ಎರಡೂ ಬೆರೆತಿದ್ದರೆ? ಹತ್ತು ಪಾಲು ಎಥನಾಲಿಗೆ ಒಂದು ಪಾಲು ಮೆಥನಾಲ್ ಸೇರಿಸಿ ಹೊತ್ತಿಸಿದರೆ ನನ್ನಂಥವನ ಕಣ್ಣಿಗೂ ವ್ಯತ್ಯಾಸ ಸಿಗುವುದಿಲ್ಲ. ಉರಿ ಹೇಳುವುದು ಒಂದೇ ಮಾತು: ಇದರಲ್ಲಿ ನೀರು ಕಡಿಮೆ, ಹೊತ್ತಿಕೊಳ್ಳುವ ವಸ್ತು ಸಾಕಷ್ಟಿದೆ. ಆ ವಸ್ತು ಯಾವುದು ಎಂದು ಅದು ಹೇಳುವುದಿಲ್ಲ. ಮೂಗು, ನಾಲಿಗೆಯನ್ನೂ ನಂಬಬೇಡಿ. ಮೆಥನಾಲಿಗೆ ಕಟು ವಾಸನೆ ಇಲ್ಲ, ಎಥನಾಲಿಗೆ ಹತ್ತಿರದ ವಾಸನೆಯೇ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ ಎಂದು ಕೇಳಬಹುದು. ನಮ್ಮ ಲ್ಯಾಬಿನಲ್ಲಿ ಸ್ಯಾಲಿಸಿಲಿಕ್ ಆಮ್ಲದ ಜೊತೆ ಎರಡು ಹನಿ ಗಂಧಕಾಮ್ಲ ಹಾಕಿ ಬಿಸಿ ಮಾಡಿದರೆ ಮೆಥನಾಲ್ ಇದ್ದ ನಳಿಕೆಯಿಂದ ಥೇಟ್ ಸೊಂಟನೋವಿನ ಮುಲಾಮಿನ ವಾಸನೆ ಏಳುತ್ತಿತ್ತು. ಆದರೆ ಅದರಿಂದ ತಿಳಿಯುವುದು ಇದೆಯೋ ಇಲ್ಲವೋ ಎಂಬುದು ಮಾತ್ರ. ಎಷ್ಟಿದೆ ಎಂದು ಅಳೆಯಲು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ ಬೇಕು. ಅಡುಗೆಮನೆಯಲ್ಲಿ ಇದಕ್ಕೆ ಪರೀಕ್ಷೆಯೇ ಇಲ್ಲ.

ಇನ್ನು "ಮೊದಲಿನ ಲೋಟ ಚೆಲ್ಲು" ಎಂಬ ಮಾತು. ಇದರ ಹಿಂದೆ ಅರ್ಧ ಸತ್ಯವಿದೆ, ಅದಕ್ಕೇ ಇದು ಇಷ್ಟು ಗಟ್ಟಿಯಾಗಿ ನಿಂತಿದೆ. ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಎಥನಾಲ್ 78.4 ಡಿಗ್ರಿಗೆ. ಹಾಗಾಗಿ ಮೊದಲು ಮೆಥನಾಲ್ ಪೂರ್ತಿ ಹೊರಟುಹೋಗುತ್ತದೆ, ಆಮೇಲೆ ಎಥನಾಲ್ ಬರುತ್ತದೆ ಎಂದು ಜನ ತಿಳಿಯುತ್ತಾರೆ. ರಾಶಿ ಮಾಡುವಾಗ ಗಾಳಿಗೆ ತೂರಿದರೆ ಹೊಟ್ಟು ಹಾರಿ ಅತ್ತ ಬೀಳುತ್ತದೆ, ಕಾಳು ಇತ್ತ ಉಳಿಯುತ್ತದೆ. ಬೆರೆತ ದ್ರವ ಹಾಗೆ ಬೇರೆಯಾಗುವುದಿಲ್ಲ. ಮೆಥನಾಲ್, ಎಥನಾಲ್, ನೀರು ಮೂರೂ ಒಂದರಲ್ಲೊಂದು ಕರಗಿ ಕೈ ಹಿಡಿದುಕೊಂಡಿರುವ ಪದಾರ್ಥಗಳು. ಕುದಿ ಬಂದಾಗ ಮೂರೂ ಸೇರಿಯೇ ಆವಿಯಾಗುತ್ತವೆ. ಪ್ರಮಾಣ ಹೆಚ್ಚುಕಡಿಮೆ ಆಗಬಹುದು ಅಷ್ಟೇ. ಮೊದಲ ಲೋಟದಲ್ಲಿ ಬಂದ ಮೆಥನಾಲ್ ಕೊನೆಯ ಲೋಟದಲ್ಲೂ ಬರುತ್ತದೆ. ಬರೀ ಪಾತ್ರೆ-ಕೊಳವೆಯಿಂದ ಅದನ್ನು ಬೇರ್ಪಡಿಸಲು ಆಗುವುದಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಬೆಲ್ಲದ ಕೊಳೆಯಲ್ಲಿ ಮೆಥನಾಲ್ ಹುಟ್ಟುವುದು ಬಹಳ ಕಡಿಮೆ. ಅದು ಹೆಚ್ಚಾಗಿ ಹುಟ್ಟುವುದು ಹಣ್ಣಿನ ಸಿಪ್ಪೆ-ತಿರುಳಿನಲ್ಲಿರುವ ಪೆಕ್ಟಿನ್‌ನಿಂದ. ಹಾಗಾದರೆ ಕಳ್ಳಭಟ್ಟಿ ಕುಡಿದು ಜನ ಸಾಯುವುದು ಏಕೆ? ಕಾರ್ಖಾನೆಗೆಂದು ತಯಾರಾದ ಮೆಥನಾಲನ್ನು ಯಾರೋ ಅದಕ್ಕೆ ಬೆರೆಸಿರುತ್ತಾರೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು; ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ಆ ದ್ರವಕ್ಕೆ ಕಡ್ಡಿ ಗೀರಿದ್ದರೂ ನೀಲಿ ಉರಿಯೇ ಬರುತ್ತಿತ್ತು. ಇದನ್ನು ಹೇಳುತ್ತಿರುವುದು ಏಕೆಂದರೆ, "ಇಳಿಸುವುದು ಬ್ಯಾಡಂದ್ರ ಎಲ್ಲಿಂದರ ಕ್ಯಾನ್‌ನ್ಯಾಗ ಸ್ಪಿರಿಟ್ ತರಸ್ತೇನಿ" ಎಂದು ಹೊರಡುವವರೂ ಇದ್ದಾರೆ. ಅದು ಮನೆಯ ಭಟ್ಟಿಗಿಂತ ದೊಡ್ಡ ಅಪಾಯ. ಪಾಲಿಶ್ ಸ್ಪಿರಿಟ್, ಸ್ಟೋವ್ ಸ್ಪಿರಿಟ್, ಸ್ಯಾನಿಟೈಸರ್, ಗಾಯಕ್ಕೆ ಹಚ್ಚುವ ಸರ್ಜಿಕಲ್ ಸ್ಪಿರಿಟ್, ಇವು ಯಾವುವೂ ಹೊಟ್ಟೆಗೆ ಹೋಗುವ ಔಷಧಕ್ಕೆ ಬರುವುದಿಲ್ಲ. ಕುಡಿಯಬಾರದೆಂದೇ ಇವುಗಳಲ್ಲಿ ಬೇರೆ ಬೇರೆ ಪದಾರ್ಥ ಬೆರೆಸಿರುತ್ತಾರೆ.

ಮೆಥನಾಲಿನ ಮೋಸ ಇರುವುದು ಅದು ತಡಮಾಡುವುದರಲ್ಲಿ. ಕುಡಿದ ಕೂಡಲೇ ಏನೂ ಆಗುವುದಿಲ್ಲ. ಯಕೃತ್ತು ಅದನ್ನು ಫಾರ್ಮಾಲ್ಡಿಹೈಡ್ ಮಾಡಿ, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಅದು ಕಣ್ಣಿನ ನರವನ್ನು ಹಿಡಿಯುತ್ತದೆ. ಹನ್ನೆರಡು ತಾಸಿನ ಮೇಲೆ, ಕೆಲವೊಮ್ಮೆ ಮರುದಿನ, ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣ ಮುಂದೆ ಹತ್ತಿ ಹರಡಿದಂಥ ಬಿಳಿ ಮಸುಕು. "ರಾತ್ರಿ ಚೆನ್ನಾಗೇ ಇದ್ದ" ಎಂದು ಮನೆಯವರು ಹೇಳುವುದು ಇದಕ್ಕೇ. ಕಣ್ಣು ಹೋಗಲು ಹತ್ತು ಮಿಲಿ, ಅಂದರೆ ಎರಡು ಚಹಾ ಚಮಚ ಸಾಕಾಗಬಹುದು. ಅನುಮಾನ ಬಂದರೆ ಮಜ್ಜಿಗೆ, ನಿಂಬೆಹುಳಿ ಎಂದು ಹೊತ್ತು ಕಳೆಯದೆ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್) ಆಸ್ಪತ್ರೆಯಂಥ ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ಕುಡಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಮನೆಯಲ್ಲಿ ಇಳಿಸುವವರಿಗೆ ಮೆಥನಾಲಿಗಿಂತ ಹತ್ತಿರದ ಶತ್ರು ಬೆಂಕಿ. ಗಡುಸಾದ, ಅಂದರೆ ನೀರು ಕಡಿಮೆ ಇರುವ ಸ್ಪಿರಿಟ್ಟಿನ ಆವಿ ಸುಮಾರು 17 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನ ಚಳಿ ಬಿಟ್ಟರೆ ನಮ್ಮ ಅಡುಗೆಮನೆಗಳು ಯಾವಾಗಲೂ ಅದಕ್ಕಿಂತ ಬೆಚ್ಚಗಿರುತ್ತವೆ. ಆ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮೇಲಕ್ಕೆ ಹೋಗದೆ ಕಟ್ಟೆಯಿಂದ ಇಳಿದು ನೆಲದ ಮೇಲೆ ಹರಿದು ಪಕ್ಕದ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಕುಕ್ಕರಿಗೆ ಕೊಳವೆ ಜೋಡಿಸಿದಾಗ ಆ ಕೊಳವೆ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಅಸಲು ಪ್ರಶ್ನೆ ಬಾಕಿ ಇದೆ: ನಿಮಗೆ 90 ಪರ್ಸೆಂಟ್ ಬೇಕೇ?

ಬೇಡ. 90 ಬೇಕಾಗುವುದು ರಾಳಗಳಿಗೆ. ಲೋಬಾನದಂಥ ರಾಳ ನೀರಿನಲ್ಲಿ ಕರಗುವುದಿಲ್ಲ, ಗಡುಸು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಔಷಧ ಅಂಗಡಿಯ ಟಿಂಕ್ಚರ್ ಬೆಂಜೋಯಿನ್ ಇದೇ. ಅದರ ನಾಲ್ಕು ಹನಿ ನೀರಿಗೆ ಬಿಟ್ಟು ನೋಡಿ, ತಕ್ಷಣ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನೀರು ಕಂಡ ಕೂಡಲೇ ಕರಗಿದ್ದ ರಾಳ ಹೊರಗೆ ಬಂದದ್ದು ಅದು. ಎಲೆ, ಕಾಂಡಗಳ ಕಥೆ ಬೇರೆ. ಅವುಗಳ ಸತ್ವದಲ್ಲಿ ಬಹಳಷ್ಟು ನೀರಿಗೆ ಬರುವಂಥದ್ದು, ಗಡುಸು ಸ್ಪಿರಿಟ್ ಹಾಕಿದರೆ ಅದು ಒಳಗೇ ಉಳಿದುಬಿಡುತ್ತದೆ. ಅಮೃತಬಳ್ಳಿ, ತುಳಸಿಗೆ ನಮ್ಮ ಮನೆಗಳಲ್ಲಿ ಕಷಾಯ ಇರುವುದು ಸುಮ್ಮನೆ ಅಲ್ಲ. ಗಟ್ಟಿ ಕಾಂಡವಾದರೆ ಒಂದಕ್ಕೆ ಹದಿನಾರು ಪಾಲು ನೀರು ಹಾಕಿ ಎಂಟನೇ ಒಂದು ಪಾಲಿಗೆ ಇಳಿಸುವುದು ಹಳೆಯ ಪದ್ಧತಿ. ಅಂದಂದಿನದು ಅಂದೇ ಮುಗಿಸಬೇಕು. ಅರಿಷಿಣದ ಹಳದಿ ಸತ್ವ ಮಾತ್ರ ನೀರಿಗೆ ಬರುವುದಿಲ್ಲ, ಅದಕ್ಕೆ ಜಿಡ್ಡು ಬೇಕು. ತುಪ್ಪವೋ ಹಾಲೋ ಆ ಕೆಲಸ ಮಾಡುತ್ತವೆ.

ಬಹಳ ದಿನ ಇಡಬೇಕು ಎನ್ನುವವರಿಗೆ ನಮ್ಮ ವೈದ್ಯರು ಆಸವ, ಅರಿಷ್ಟ ಮಾಡಿಟ್ಟರು. ಬೆಲ್ಲ, ಧಾತಕಿ ಹೂವು ಹಾಕಿ ಹುದುಗು ಬರಿಸಿದಾಗ ಅದರಲ್ಲೇ ಹುಟ್ಟುವ ಆಲ್ಕೋಹಾಲ್ ಔಷಧವನ್ನು ಕಾಯುತ್ತದೆ. ಆ ಆಲ್ಕೋಹಾಲ್ ಒಂದು ಮಟ್ಟಕ್ಕಿಂತ ಮೇಲೆ ಏರದು, ಏಕೆಂದರೆ ಹದಿನೈದು ಪರ್ಸೆಂಟಿನ ಆಸುಪಾಸು ಬಂದಾಗ ಹುದುಗು ಬರಿಸುವ ಯೀಸ್ಟ್ ತಾನೇ ಸೋಲುತ್ತದೆ. ಪರವಾನಗಿ ಇರುವ ಕಾರ್ಖಾನೆ ಮಾಡಿದ ಅರಿಷ್ಟವನ್ನೇ ಕೊಳ್ಳಿ, ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಮಕ್ಕಳು, ಬಸುರಿಯರು, ಯಕೃತ್ತಿನ ತೊಂದರೆ ಇದ್ದವರಿಗೆ ಆಲ್ಕೋಹಾಲ್ ಇರುವ ಯಾವ ಮನೆಮದ್ದೂ ಬೇಡ. ನೀವು ಮಾಡಿದ್ದನ್ನು ಓಣಿಯವರಿಗೆ ಮಾರುವ ಯೋಚನೆ ಇದ್ದರೆ 1940ರ ಔಷಧ ಕಾಯ್ದೆಯ ಪರವಾನಗಿ ಬೇಕು. ಬೇರು ಕೀಳಲು ಕಪ್ಪತಗುಡ್ಡಕ್ಕೂ ಹೋಗಬೇಡಿ. ಅದು 2019ರಿಂದ ವನ್ಯಜೀವಿಧಾಮ, ಅಲ್ಲಿಯ ಗಿಡ ಅಲ್ಲಿಯೇ ಇರಲಿ. ಅಮೃತಬಳ್ಳಿ ಹಿತ್ತಲ ಬೇಲಿಗೆ ಒಂದು ತುಂಡು ನೆಟ್ಟರೆ ತಾನೇ ಹಬ್ಬುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು, ನಿಮ್ಮ ನೀಲಿ ಉರಿಯ ಮೂಲ ಅಲ್ಲೇ ಇದೆ ಎಂದು ನನ್ನ ಅನಿಸಿಕೆ. ಟಿಂಕ್ಚರ್ ಮಾಡುವ ವಿಡಿಯೋಗಳಲ್ಲಿ "190 ಪ್ರೂಫ್" ಎಂದು ಹೇಳುತ್ತಾರಲ್ಲ, ಆ ಪ್ರೂಫ್ ಎಂದರೆ ಏನು? ಹಿಂದೆ ಇಂಗ್ಲೆಂಡಿನಲ್ಲಿ ಮದ್ಯವನ್ನು ಕೋವಿಯ ಮದ್ದಿನ ಮೇಲೆ ಸುರಿದು ಕಿಡಿ ತಾಗಿಸುತ್ತಿದ್ದರಂತೆ. ಮದ್ದು ಹೊತ್ತಿದರೆ ನೀರು ಬೆರೆಸಿಲ್ಲ ಎಂದು ಸಾಬೀತು, ಅದೇ "ಪ್ರೂಫ್". ಅಲ್ಲಿಯೂ ಉರಿ ಹೇಳುತ್ತಿದ್ದದ್ದು ಗಡುಸನ್ನು ಮಾತ್ರ, ತೆರಿಗೆ ಹಾಕಲು. ವಿಷ ಇದೆಯೇ ಎಂದು ಯಾರೂ ಅದರಿಂದ ನೋಡುತ್ತಿರಲಿಲ್ಲ. 1816ರಲ್ಲಿ ಇಂಗ್ಲಿಷರು ಮದ್ದನ್ನು ಬಿಟ್ಟು ತೂಕದ ಲೆಕ್ಕಕ್ಕೆ ಬಂದರು: ಅಷ್ಟೇ ಅಳತೆಯ ನೀರು 13 ತೂಗಿದರೆ ಪ್ರೂಫ್ ಸ್ಪಿರಿಟ್ 12 ತೂಗಬೇಕು. ಅದು ಇವತ್ತಿನ ಲೆಕ್ಕದಲ್ಲಿ 57.1 ಪರ್ಸೆಂಟ್. ಅಮೆರಿಕದವರದು ಬೇರೆ, ಅವರಿಗೆ 50 ಪರ್ಸೆಂಟ್ ಎಂದರೆ 100 ಪ್ರೂಫ್. ಹಾಗಾಗಿ ಅವರ 190 ಎಂದರೆ 95 ಪರ್ಸೆಂಟ್, ಅದೇ ದ್ರವ ಇಂಗ್ಲಿಷರ ಲೆಕ್ಕದಲ್ಲಿ ಸುಮಾರು 166. ಎರಡನ್ನೂ ಕಲಸಿಕೊಂಡು ಪಾಕ ಬರೆದವರ ಕಾಗದ ನಾನು ಎಷ್ಟೋ ನೋಡಿದ್ದೇನೆ.

ನಮ್ಮ ದೇಶಕ್ಕೆ ಬಂದದ್ದು ಇಂಗ್ಲಿಷರ ಲೆಕ್ಕ. ಪರವಾನಗಿ ಇರುವ ಅಂಗಡಿಯ ಸೀಸೆಯ ಚೀಟಿ ಓದಿ: 42.8 ಪರ್ಸೆಂಟ್ ಎಂದಿರುತ್ತದೆ, ಎಷ್ಟೋ ಸೀಸೆಗಳ ಮೇಲೆ ಪಕ್ಕದಲ್ಲೇ 75 ಪ್ರೂಫ್ ಎಂದೋ 25 ಯು.ಪಿ. ಎಂದೋ ಇರುತ್ತದೆ. ಯು.ಪಿ. ಎಂದರೆ ಪ್ರೂಫ್‌ಗಿಂತ ಅಷ್ಟು ಕೆಳಗೆ ಎಂದರ್ಥ. ಮೂರೂ ಒಂದೇ ಮಾತು. 57.1ರ ಮುಕ್ಕಾಲು ಪಾಲು ಎಷ್ಟು ಎಂದು ನೀವೇ ಲೆಕ್ಕ ಹಾಕಿ ನೋಡಿ.