ನೆಗಡಿಗೆ ಹೋದರೆ ಅಳುವಿನ ಬಗ್ಗೆ ಯಾಕೆ ಕೇಳ್ತಾರೆ?

ನೆಗಡಿ ಅಂತ ಹೋಮಿಯೋಪಥಿ ಡಾಕ್ಟರ ಮುಂದೆ ಕೂತರೆ ಪ್ರಶ್ನೆಗಳು ಮೂಗಿನಲ್ಲೇ ನಿಲ್ಲುವುದಿಲ್ಲ. ಕೋಪ ಬೇಗ ಬರುತ್ತಾ? ಅಳುವಾಗ ಯಾರಾದರೂ ಸಮಾಧಾನ ಮಾಡಿದರೆ ಹಿತವಾ, ಕಿರಿಕಿರಿಯಾ? ಹಿತ ಅಂದರೆ ಪಲ್ಸಟಿಲ್ಲಾ ಎಂಬ ಔಷಧಿ ನೆನಪಾಗುತ್ತದೆ ಅವರಿಗೆ. ಕಿರಿಕಿರಿ ಅಂದರೆ ನೇಟ್ರಂ ಮ್ಯೂರ್. ಅದು ನಮ್ಮ ಅಡುಗೆ ಉಪ್ಪಿನಿಂದಲೇ ಮಾಡಿದ್ದು.

ಇದರ ಬೇರು ಜರ್ಮನಿಯಲ್ಲಿದೆ. 1792ರಲ್ಲಿ, ಮುಂದೆ ಹೋಮಿಯೋಪಥಿಯನ್ನು ಹುಟ್ಟುಹಾಕಿದ ಸ್ಯಾಮ್ಯುಯೆಲ್ ಹಾನಿಮನ್ ಗೋಥಾ ಊರಿನ ಹತ್ತಿರ ಕ್ಲೋಕೆನ್‌ಬ್ರಿಂಗ್ ಎಂಬ ಅಧಿಕಾರಿಗೆ ಚಿಕಿತ್ಸೆ ಕೊಟ್ಟರು. ಬುದ್ಧಿ ಸ್ಥಿಮಿತ ತಪ್ಪಿದವರನ್ನು ಕಟ್ಟಿಹಾಕಿ ಹೊಡೆಯುತ್ತಿದ್ದ ಕಾಲ ಅದು. ಹಾನಿಮನ್ ಕಟ್ಟಲಿಲ್ಲ, ಹೊಡೆಯಲಿಲ್ಲ. ಮೊದಲ ಎರಡು ವಾರ ಔಷಧಿಯನ್ನೂ ಕೊಡದೆ ಸುಮ್ನೆ ಗಮನಿಸಿದರು. ಹೋಮಿಯೋಪಥಿಗೆ ಇನ್ನೂ ಹೆಸರೇ ಇಲ್ಲದಿದ್ದಾಗ ನಡೆದ ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ.

ಅವರ 'ಆರ್ಗನಾನ್' ಮೊದಲು ಬಂದದ್ದು 1810ರಲ್ಲಿ. ಯಾವ ಕಾಯಿಲೆಯಲ್ಲೂ ರೋಗಿಯ ಮನಸ್ಸಿನ ಸ್ಥಿತಿ ನೋಡಲೇಬೇಕು, ಎಷ್ಟೋ ಸಲ ಔಷಧಿಯನ್ನು ನಿರ್ಧರಿಸುವುದೇ ಅದು ಎಂಬ ಮಾತು ಈ ಗ್ರಂಥದಲ್ಲಿದೆ. ಶಾಂತವಾಗಿರುವವರಿಗೆ ಅಕೋನೈಟ್ ಎಂಬ ಔಷಧಿ ಹಿಡಿಯುವುದು ಅಪರೂಪ ಎನ್ನುತ್ತದೆ ಅದು.

ಮನಸ್ಸನ್ನು ಇನ್ನೂ ಮೇಲಕ್ಕೆ ಏರಿಸಿದವರು ಅಮೆರಿಕದ ಹೋಮಿಯೋಪಥಿ ವೈದ್ಯ ಜೇಮ್ಸ್ ಟೈಲರ್ ಕೆಂಟ್. 1897ರಲ್ಲಿ ಅವರ ರೆಪರ್ಟರಿ, ಅಂದರೆ ಲಕ್ಷಣಗಳ ದೊಡ್ಡ ಪಟ್ಟಿ, ಹೊರಬರತೊಡಗಿತು. ಅದರ ಮೊದಲ ಅಧ್ಯಾಯವೇ ಮನಸ್ಸು. ತಲೆ, ಕಣ್ಣು, ಹೊಟ್ಟೆ ಎಲ್ಲ ಆಮೇಲೆ.

ನಮ್ಮಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. ಇವತ್ತು ಅಲ್ಲಿ ಕಾಲೇಜೇ ಇದೆ.

ಆದರೆ ಔಷಧಿಯ ಮಾತು ಬೇರೆ. ಈ ಔಷಧಿಗಳ ಮೇಲೆ ಬರೆದಿರುವ 30ಸಿ ಎಂದರೆ ನೂರು ಪಾಲಿಗೆ ಒಂದು ಪಾಲಿನಂತೆ ಮೂವತ್ತು ಸಲ ತೆಳುವಾಗಿಸುವುದು. ಅಷ್ಟರಲ್ಲಿ ಮೂಲವಸ್ತುವಿನ ಒಂದು ಕಣವೂ ಉಳಿಯುವ ಸಂಭವ ಇಲ್ಲ ಅಂತಲೇ ಹೇಳಬೇಕು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ ಇರುವ ಅಧ್ಯಯನಗಳನ್ನು ಪರಿಶೀಲಿಸಿತು. ಹೋಮಿಯೋಪಥಿ ಯಾವುದೇ ಕಾಯಿಲೆಗೆ ಕೆಲಸ ಮಾಡುತ್ತದೆ ಎನ್ನಲು ನಂಬಬಹುದಾದ ಪುರಾವೆ ಇಲ್ಲ ಎಂದಿತು.

ಅರ್ಧ ಗಂಟೆ ಕೂತು ನಮ್ಮ ದುಃಖ ಕೇಳುವವರು ಸಿಕ್ಕರೆ ಮನಸ್ಸು ಹಗುರಾಗುವುದು ಸಹಜ ಅಲ್ವಾ? ಆ ಹಗುರು ಸುಳ್ಳಲ್ಲ. ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂಬ ಉತ್ತರ ಬಂದರೆ, ಅದನ್ನು ಗುಳಿಗೆ ಹುಡುಕುವ ಸುಳಿವು ಮಾಡಿಕೊಂಡು ಕೂರಬಾರದು. ಅಂಥವರನ್ನು ಅವತ್ತೇ ಮನೋವೈದ್ಯರ ಹತ್ತಿರ ಕಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.